ಕತ್ತಿ ಅಭ್ಯಾಸಕ್ಕೆ ಮನೆಯಲ್ಲೇ ಸಿಗುವ ಗುರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮ ಕನ್ನಡದವರಲ್ಲಿ ಕೆಲವರು ಜಪಾನಿ ಕತ್ತಿವಿದ್ಯೆ ಇಯೈದೊ ಕಲಿಯುತ್ತಿದ್ದಾರೆ, ಕೆಲವರು ಮಹಾರಾಷ್ಟ್ರದ ಮರ್ದಾನಿ ಖೇಳ್, ಇನ್ನು ಕೆಲವರು ಕೇರಳದ ಕಳರಿ. ಯಾವ ವಿದ್ಯೆಯಾದರೂ ಒಂದು ಹಂತದಲ್ಲಿ ಎಲ್ಲರೂ ಕೇಳುವುದು ಒಂದೇ: ನಿಜವಾಗಿ ಏನನ್ನಾದರೂ ಕಡಿದು ನೋಡಬೇಕು, ಏನನ್ನು ಕಡಿಯಲಿ? ಜಪಾನಿನಿಂದ ಅಲ್ಲಿಯವರು ಕಡಿಯಲು ಬಳಸುವ ಚಾಪೆ ತರಿಸುವಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ, ಅದರ ಅಗತ್ಯವೂ ಇಲ್ಲ. ಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಇದು 18 ತುಂಬಿದವರಿಗೆ, ಅದೂ ಒಬ್ಬ ಗುರುವಿನ ಕೈಕೆಳಗೆ ಕಲಿಯುತ್ತಿರುವವರಿಗೆ ಮಾತ್ರ.

## ಶುರು ಮಾಡುವ ಮೊದಲು

ಮರದ ಕತ್ತಿ ಹಿಡಿದು ಗಾಳಿಗೆ ಬೀಸಿದ್ರೆ ಸಾಲದಾ? ಏನನ್ನಾದ್ರೂ ಕಡಿಯಲೇಬೇಕಾ?

ಗಾಳಿಗೆ ಬೀಸುವುದೇ ಅಭ್ಯಾಸದ ಬಹುಪಾಲು. ಅದು ಕೈಗೆ ಕೂರದೆ ಮುಂದಕ್ಕೆ ಹೋಗಬಾರದು. ಆದರೆ ಗಾಳಿ ಯಾರ ತಪ್ಪನ್ನೂ ಎತ್ತಿ ತೋರಿಸುವುದಿಲ್ಲ. ಕತ್ತಿಯ ಬಾಯಿ ಯಾವ ಕಡೆ ನೋಡುತ್ತಿದೆಯೋ ಅಲಗು ಅದೇ ದಾರಿಯಲ್ಲಿ ಹೋಗಬೇಕು. ಜಪಾನಿ ಶಾಲೆಗಳಲ್ಲಿ ಇದಕ್ಕೆ ಹಸುಜಿ ಅನ್ನುತ್ತಾರೆ. ಇದು ಸ್ವಲ್ಪ ಓರೆಯಾದರೂ ಕತ್ತಿ ಕಡಿಯುವುದಿಲ್ಲ, ಬರೀ ಹೊಡೆಯುತ್ತದೆ. ಅಲಗಿನಲ್ಲಿ ಉದ್ದಕ್ಕೆ ತೋಡು ಇದ್ದರೆ, ಬೀಸು ಸರಿ ಇದ್ದಾಗ ಸುಯ್ಯೆಂದು ಸದ್ದು ಬರುತ್ತದೆ. ಗಾಳಿಯಲ್ಲಿ ಸಿಗುವ ಸುಳಿವು ಅಷ್ಟೇ. ಗುರಿಯಾದರೆ ಕಡಿದ ಮುಖವನ್ನು ಕೈಗೆ ಕೊಡುತ್ತದೆ, ತಿರುಗಿಸಿ ನೋಡಬಹುದು. ಹೀಗೆ ಕಡಿದು ನೋಡುವುದಕ್ಕೆ ಜಪಾನಿನಲ್ಲಿ ತಮೆಶಿಗಿರಿ ಅನ್ನುತ್ತಾರೆ. ಮೊದಲು ಅದು ಕತ್ತಿಯ ಗುಣ ಪರೀಕ್ಷಿಸಲು ಇದ್ದದ್ದು. ಈಗ ಅದು ಹೆಚ್ಚಾಗಿ ಹಿಡಿದವರ ಕೈಯ ಪರೀಕ್ಷೆ.

ನಮ್ಮ ಕಡೆ ಇಂಥ ಪದ್ಧತಿ ಇತ್ತಾ, ಅಥವಾ ಇದು ಬರೀ ಜಪಾನಿನದಾ?

ಇತ್ತಲ್ಲ, ಈಗಲೂ ಇದೆ. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆಕಂಬಗಳನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುತ್ತಾರೆ. ಹಳೇ ಮೈಸೂರು ಕಡೆಯ ಎಷ್ಟೋ ಊರಲ್ಲಿ ವಿಜಯದಶಮಿಯ ಬನ್ನಿ ಪೂಜೆಯ ಹೊತ್ತಿಗೆ ಬಾಳೆ ಕಡಿಯುವುದುಂಟು. ಮಹಾರಾಷ್ಟ್ರದಲ್ಲಿ ಮರ್ದಾನಿ ಖೇಳ್ ಇದೆ, ಕೊಲ್ಹಾಪುರದ ಕಡೆ ಇನ್ನೂ ಜೀವಂತವಾಗಿದೆ. ಅದರ ದಾಂಡಪಟ್ಟಾದಲ್ಲಿ, ಅಂದರೆ ಲೋಹದ ಕೈಗವಸಿಗೆ ಸೇರಿದ ಉದ್ದ ಕತ್ತಿಯಲ್ಲಿ, ನೆಲದ ಮೇಲಿಟ್ಟ ನಿಂಬೆಹಣ್ಣನ್ನು ಎರಡು ಹೋಳು ಮಾಡುತ್ತಾರೆ. 2024ರ ಶಿವಜಯಂತಿಯ ದಿನ ದಾಂಡಪಟ್ಟಾವನ್ನು ಮಹಾರಾಷ್ಟ್ರದ ರಾಜ್ಯ ಶಸ್ತ್ರ ಎಂದು ಘೋಷಿಸಿದರು. ಕುದುರೆ ದಳದವರು ಓಡುವ ಕುದುರೆ ಮೇಲಿಂದ ತೂಗುಹಾಕಿದ ನಿಂಬೆಹಣ್ಣು ಕಡಿಯುತ್ತಿದ್ದರು. ಬಾಳೆ, ನಿಂಬೆ ಎಲ್ಲ ಕೈಗೆ ಸಿಗುವ, ಅಗ್ಗದ, ಮೆತ್ತಗಿನ ಸಾಮಾನು. ನಾವು ಇಲ್ಲಿ ಮಾತಾಡುತ್ತಿರುವುದೂ ಅದನ್ನೇ.

ಮನೇಲಿ ಕತ್ತಿ ಇಟ್ಕೊಂಡ್ರೆ ಪೊಲೀಸ್ ಕೇಸ್ ಆಗುತ್ತಾ?

ಆಗಬಹುದು, ಹಾಗಾಗಿ ಇದನ್ನು ಮೊದಲೇ ತಿಳಿದುಕೊಳ್ಳಿ. 1959ರ ಶಸ್ತ್ರ ಕಾಯ್ದೆ ಇಡೀ ದೇಶಕ್ಕೆ ಅನ್ವಯ. 2016ರ ಶಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರಗಳ ಪಟ್ಟಿಯಲ್ಲಿ ಬರುತ್ತದೆ. ಮನೆಕೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದವು ಇದರಲ್ಲಿ ಸೇರುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥವನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಇದರ ಜೊತೆಗೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951ರ 37ನೇ ಕಲಂ ಅಡಿಯಲ್ಲಿ ಮುಂಬೈ, ಪುಣೆ ಪೊಲೀಸರು ಆಗಾಗ ಆದೇಶ ಹೊರಡಿಸುತ್ತಾರೆ. ಆಗ ಕತ್ತಿ, ಭರ್ಜಿ, ದೊಣ್ಣೆ ಯಾವುದನ್ನೂ ಸಾರ್ವಜನಿಕ ಜಾಗದಲ್ಲಿ ಒಯ್ಯುವಂತಿಲ್ಲ. ಗೋವಾದವರಿಗೆ ಈ ಮಹಾರಾಷ್ಟ್ರದ ಕಾಯ್ದೆ ಇಲ್ಲ, ಶಸ್ತ್ರ ಕಾಯ್ದೆಯಂತೂ ಇದೆ.

ಕತ್ತಿಯಲ್ಲಿ ಕೇಕ್ ಕತ್ತರಿಸಿ ವಿಡಿಯೊ ಹಾಕಿದ ಹುಡುಗರ ಮೇಲೆ ಪುಣೆ, ಪಿಂಪ್ರಿ ಕಡೆ ಕೇಸ್ ಆದ ಸುದ್ದಿ ನೀವೂ ಓದಿರುತ್ತೀರಿ. ಬೇಸಾಯದ ಸಾಮಾನಾದರೂ ಕೊಯ್ತಾ (ಮಚ್ಚು) ಹಿಡಿದು ಬೈಕಿನಲ್ಲಿ ಹೋದರೆ ಪುಣೆಯಲ್ಲಿ ಯಾರೂ ಅದನ್ನು ಬೇಸಾಯ ಅಂದುಕೊಳ್ಳುವುದಿಲ್ಲ. ಕತ್ತಿ ಕೊಳ್ಳುವ ಮೊದಲೇ ಕ್ಲಾಸಿನ ಗುರುಗಳನ್ನು ಕೇಳಿ, ನಿಮ್ಮ ಠಾಣೆಗೆ ಹೋಗಿ ವಿಚಾರಿಸಿ. ಕ್ಲಾಸಿನ ಕತ್ತಿಯನ್ನು ಕ್ಲಾಸಿನಲ್ಲೇ ಬಳಸಿ ಅಲ್ಲೇ ಬಿಟ್ಟು ಬರುವುದು ಎಲ್ಲಕ್ಕಿಂತ ನೆಮ್ಮದಿ.

ನಮ್ದು ಮಲಾಡ್‌ನಲ್ಲಿ ಒಂದು ಬಿಎಚ್‌ಕೆ. ಹಾಲ್‌ನಲ್ಲಿ ಸೋಫಾ ಸರಿಸಿ ಮಾಡಬಹುದಾ? ಟೆರೇಸ್ ಆದ್ರೆ?

ಹಾಲ್‌ನಲ್ಲಿ ಬೇಡವೇ ಬೇಡ. ಕತ್ತಿ ಎತ್ತಿದರೆ ಫ್ಯಾನಿಗೆ ತಾಗುತ್ತದೆ, ಇಳಿಸಿದರೆ ಒದ್ದೆ ಟೈಲ್ಸಿನ ಮೇಲೆ ಕಾಲು ಜಾರುತ್ತದೆ. ಟೆರೇಸ್ ಎಲ್ಲರಿಗೂ ಸೇರಿದ ಜಾಗ. ಬಟ್ಟೆ ಒಣಹಾಕಲು, ಟ್ಯಾಂಕ್ ನೋಡಲು ಯಾರು ಯಾವಾಗ ಬಾಗಿಲು ತೆರೆದು ಬರುತ್ತಾರೋ ಗೊತ್ತಿಲ್ಲ. ತುಂಡು ಹಾರಿ ಕೆಳಗೆ ಬಿದ್ದರೆ ದಾರಿಹೋಕರಿಗೆ ಏಟು. ಸೊಸೈಟಿ ಕಮಿಟಿ ಒಪ್ಪಿದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ಬೇಕಾಗಿರುವುದು ಸುತ್ತ ಬೇಲಿ ಇರುವ ಖಾಸಗಿ ಜಾಗ ಮತ್ತು ಗಟ್ಟಿ ನೆಲ. ಪುಣೆಯವರಿಗೆ ಮುಳಶಿ, ಸಾಸ್ವಡ್ ಕಡೆ ಪರಿಚಯದವರ ತೋಟ ಸಿಕ್ಕರೆ ಸರಿಹೋಗುತ್ತದೆ. ಗೋವಾದಲ್ಲಿ ಹಿತ್ತಲಿರುವ ಮನೆಯವರು ಪುಣ್ಯವಂತರು. ಮುಂಬೈಯವರಿಗೆ ಕಷ್ಟ ಹೌದು. ಐದಾರು ಜನ ಸೇರಿ, ಗುರುಗಳ ಜೊತೆ ಒಂದು ಭಾನುವಾರ ಬೆಳಿಗ್ಗೆ ಊರ ಹೊರಗೆ ಹೋಗಿ ಬರುವುದೇ ಸುಲಭ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಬಯಲಿನ ಕಡಿತ ನಿಲ್ಲಿಸಿಬಿಡಿ.

ಟೂರಿಗೆ ಹೋದಾಗ ತಂದ ಶೋಕೇಸ್ ಕತ್ತಿ ಇದೆ. ಫಳಫಳ ಹೊಳೆಯುತ್ತೆ. ಅದರಲ್ಲಿ ಬಾಟಲಿ ಕಡಿಯಬಹುದಾ?

ದಯವಿಟ್ಟು ಬೇಡ. ಅದು ಗೋಡೆಗೆ ತೂಗುಹಾಕಲು ಮಾಡಿದ್ದು. ಅಲಗು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್, ಉದ್ದ ಕತ್ತಿಗೆ ಅದು ಪೆಡಸು. ಹಿಡಿಯ ಒಳಗೆ ಹೋಗುವ ಭಾಗ ಬೆರಳಿನಷ್ಟು ಸಣ್ಣ ಕಂಬಿ, ಬೆಸುಗೆ ಹಾಕಿ ನಟ್ಟು ಬಿಗಿದಿರುತ್ತಾರೆ. ಜೋರಾಗಿ ಬೀಸಿದಾಗ ಅಲ್ಲಿ ಮುರಿದು ಅಲಗು ಹಾರಿ ಹೋಗುತ್ತದೆ. ಯಾವ ಕಡೆ ಹಾರುತ್ತದೆ ಎಂದು ಹೇಳಲಾಗದು. ಕಡಿಯುವ ಕತ್ತಿ ಕಾರ್ಬನ್ ಸ್ಟೀಲಿನದಾಗಿರಬೇಕು. ಅಲಗಿನ ಬಾಲ ಅಗಲವಾಗಿ ಹಿಡಿಯ ಬಹುಭಾಗದವರೆಗೆ ಇಳಿದಿರಬೇಕು. ಪ್ರತಿ ಸಲ ಶುರು ಮಾಡುವ ಮೊದಲು ಹಿಡಿಯನ್ನು ಗಟ್ಟಿಯಾಗಿ ಹಿಡಿದು ಅಲುಗಾಡಿಸಿ ನೋಡಿ. ಕಟಕಟ ಸದ್ದು ಬಂದರೆ, ಜಪಾನಿ ಕತ್ತಿಯಲ್ಲಿ ಹಿಡಿಯ ಬಿದಿರಿನ ಮೊಳೆ ಸಡಿಲವಾಗಿದ್ದರೆ, ಅವತ್ತು ಕಡಿತ ಇಲ್ಲ.

ಮಗನಿಗೆ 14 ವರ್ಷ. ಕರಾಟೆ ಕ್ಲಾಸಿನ ಜೊತೆ ಕತ್ತಿನೂ ಕಲೀತೀನಿ ಅಂತ ಹಟ ಮಾಡ್ತಾನೆ. ಅಕ್ಕಾ, ಏನು ಮಾಡಲಿ?

ಕಲಿಯಲಿ ಬಿಡಿ, ಆದರೆ ಮರದ ಕತ್ತಿಯಲ್ಲಿ. ಹರಿತವಾದ ಅಲಗು 18ರ ಮೇಲೆ. ಅವನಿಗೂ ಒಂದು ಗುರಿ ಬೇಕು ಅಲ್ವಾ? ಹಳೇ ಸ್ಕೂಟರ್ ಟಯರನ್ನು ಸೊಂಟದ ಎತ್ತರಕ್ಕೆ ಭದ್ರವಾಗಿ ಕಟ್ಟಿಕೊಡಿ. ಮರದ ಕತ್ತಿಯಿಂದ ಅದಕ್ಕೆ ಹೊಡೆದರೆ ಮುಂಗೈ ಹಿಡಿತ ಗಟ್ಟಿಯಾಗುತ್ತದೆ. ಹೊಡೆತ ಮುಗಿಯುವಾಗ ಕೈ ನಿಲ್ಲಿಸುವುದೂ ಬರುತ್ತದೆ. ಉಕ್ಕಿನ ಕತ್ತಿಗೆ ಮಾತ್ರ ಟಯರ್ ಕೂಡದು. ಒಳಗೆ ತಂತಿ ಇರುತ್ತದೆ, ರಬ್ಬರು ಅಲಗನ್ನು ಹಿಂದಕ್ಕೆ ಎಸೆಯುತ್ತದೆ.

ಸುತ್ತ ಎಷ್ಟು ಜಾಗ ಬಿಡಬೇಕು? ಕಾಲು ಹೇಗಿಡಬೇಕು?

ಕೈ ಚಾಚಿ ಕತ್ತಿ ಹಿಡಿದಾಗ ಮೊನೆ ಎಲ್ಲಿಗೆ ಮುಟ್ಟುತ್ತದೋ, ಅದರ ಎರಡರಷ್ಟು ದೂರ ನಾಲ್ಕೂ ಕಡೆ ಖಾಲಿ ಇರಲಿ. ಕತ್ತಿ ಎತ್ತುವಾಗ ಬೆನ್ನ ಹಿಂದೆಯೂ ಹೋಗುತ್ತದೆ ಎನ್ನುವುದನ್ನು ಜನ ಮರೆಯುತ್ತಾರೆ. ನೋಡುವವರು ಕತ್ತಿ ಬೀಸುವ ಸಾಲಿನಲ್ಲಿ, ಮುಂದೆ ಅಥವಾ ಹಿಂದೆ, ನಿಲ್ಲಬಾರದು. ಒಂದು ಸಲಕ್ಕೆ ಒಂದೇ ಕತ್ತಿ ಒರೆಯಿಂದ ಹೊರಗೆ.

ಬಲ ಹೆಗಲಿನಿಂದ ಎಡಕ್ಕೆ ಓರೆಯಾಗಿ ಇಳಿಸುವಾಗ ಎಡಗಾಲು ಹಿಂದಿರಲಿ. ಎಡದಿಂದ ಬಲಕ್ಕೆ ಇಳಿಸುವಾಗ ಬಲಗಾಲು ಹಿಂದೆ. ಗುರಿ ಮೆತ್ತಗಿದ್ದು ಕತ್ತಿ ಅಂದುಕೊಂಡದ್ದಕ್ಕಿಂತ ಸಲೀಸಾಗಿ ದಾಟಿದಾಗ ಅದು ಬಂದು ನಿಲ್ಲುವುದು ನಿಮ್ಮ ಮೊಣಕಾಲಿನ ಪಕ್ಕ. ಈ ವಿದ್ಯೆಯಲ್ಲಿ ಜನ ಗಾಯ ಮಾಡಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿ. ಸಡಿಲ ತೋಳಿನ ಬಟ್ಟೆ, ದುಪಟ್ಟಾ, ಬಳೆ, ಉಂಗುರ ತೆಗೆದಿಡಿ. ಒಬ್ಬರೇ ಇರುವಾಗ ಕಡಿಯಬೇಡಿ. ಒಗೆದ ದಪ್ಪ ಬಟ್ಟೆ ಹತ್ತಿರ ಇರಲಿ. ಗಾಯವಾದರೆ ಅದನ್ನು ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ.

## ಏನನ್ನು ಕಡಿಯಬೇಕು

ಮೊಟ್ಟಮೊದಲ ಸಲ ಯಾವುದು ಒಳ್ಳೇದು?

ನೀರಿನ ಬಾಟಲಿ. ಪುಕ್ಕಟೆ ಸಿಗುತ್ತದೆ, ಮೆತ್ತಗಿದೆ, ಸುಳ್ಳು ಹೇಳುವುದಿಲ್ಲ.

1 ಲೀಟರಿನ ತೆಳು ಬಾಟಲಿ ತಗೊಳ್ಳಿ. ತಂಪು ಪಾನೀಯದ ಬಾಟಲಿ ದಪ್ಪ, ಅದು ಆಮೇಲೆ. ಲೇಬಲ್ ಕಿತ್ತು ಅಂಟನ್ನು ತೊಳೆಯಿರಿ, ಇಲ್ಲದಿದ್ದರೆ ಅದು ಅಲಗಿಗೆ ಮೆತ್ತಿಕೊಳ್ಳುತ್ತದೆ. ಬಾಯಿವರೆಗೆ ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಅರ್ಧ ತುಂಬಿದರೆ ಪ್ಲಾಸ್ಟಿಕ್ ಒಳಕ್ಕೆ ಕುಸಿದು ಅಲಗಿನಿಂದ ತಪ್ಪಿಸಿಕೊಳ್ಳುತ್ತದೆ. ತುಂಬಿದ್ದರೆ ಒಳಗಿನ ನೀರೇ ಅದಕ್ಕೆ ಆಸರೆ. ಕುತ್ತಿಗೆ ಮತ್ತು ತಳದಲ್ಲಿ ಪ್ಲಾಸ್ಟಿಕ್ ದಪ್ಪ, ಹಾಗಾಗಿ ನಡುಭಾಗಕ್ಕೆ ಗುರಿ ಇಡಿ. ಸುಮಾರು 45 ಡಿಗ್ರಿ ಓರೆಯಲ್ಲಿ ಇಳಿಸಿ.

ಏಟು ಸರಿ ಬಿದ್ದಾಗ ಹತ್ತಿರ ಹೋಗಿ ನೋಡಿ. ಮೇಲಿನ ತುಂಡು ಓರೆ ಅಂಚಿನ ಮೇಲೆ ಜಾರಿ ಪಕ್ಕದಲ್ಲೇ ಬಿದ್ದಿರುತ್ತದೆ. ಕೆಳಗಿನ ತುಂಡು ಇಟ್ಟ ಜಾಗದಿಂದ ಕದಲಿರುವುದಿಲ್ಲ. ಅದರೊಳಗೆ ನೀರು ಓರೆಯ ತಗ್ಗಿನ ಮೂಲೆಯವರೆಗೆ ತುಂಬಿ ತುಳುಕುತ್ತಿರುತ್ತದೆ. ಅಂಚು ನೋಡಲು ನುಣುಪು, ಎಲ್ಲೂ ಮಡಿಕೆ ಇಲ್ಲ. ಬಾಟಲಿ ಹತ್ತಡಿ ಆಚೆ ಹಾರಿ ಬಿತ್ತು ಅಂದರೆ ಅದು ಕಡಿತವಲ್ಲ, ಹೊಡೆತ.

ಪ್ಲಾಸ್ಟಿಕ್ ಅಲಗಿನ ಮೇಲೆ ಸಣ್ಣ ಗೀರು ಬಿಡುತ್ತದೆ. ನುಣುಪು ಪಾಲಿಶಿನ ದುಬಾರಿ ಕತ್ತಿಯಾದರೆ ಬಾಟಲಿಗೆ ಇಳಿಸಬೇಡಿ.

ಹಾಲಿನ ಪ್ಯಾಕೆಟ್, ಥರ್ಮಾಕೋಲ್, ಈಜುಕೊಳದ ಉದ್ದ ಫೋಮ್ ಕೊಳವೆ, ಇವೆಲ್ಲ ನಡೆಯುತ್ತಾ?

ಹಾಲಿನ ಪ್ಯಾಕೆಟ್ ಅಲಗಿಗೆ ಸಿಕ್ಕಿದಾಗ ಎಳೆದುಕೊಳ್ಳುತ್ತದೆ. ಕತ್ತಿ ಹರಿತ ಇದೆಯಾ ನೋಡಲು ಸಾಕು, ಕೈ ತಿದ್ದಲು ಉಪಯೋಗವಿಲ್ಲ. ಥರ್ಮಾಕೋಲ್ ಪುಡಿಯಾಗಿ ಊರೆಲ್ಲ ಹಾರುತ್ತದೆ, ಏನೂ ಕಲಿಸುವುದಿಲ್ಲ. 2018ರ ಪ್ಲಾಸ್ಟಿಕ್ ನಿಷೇಧದಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮಾಕೋಲಿನ ತಟ್ಟೆ, ಅಲಂಕಾರದ ಸಾಮಾನುಗಳನ್ನೂ ಸೇರಿಸಿತ್ತು. ಫೋಮ್ ಕೊಳವೆ ಹಗುರ, ಬಾಗಿಬಿಡುತ್ತದೆ. ಹರಿತವಾದ ಕತ್ತಿ, ಸರಿಯಾದ ಕೋನ ಎರಡೂ ಇದ್ದರೆ ಮಾತ್ರ ತುಂಡಾಗುತ್ತದೆ. ಹಾಗಾಗಿ ಅದನ್ನು ಆಮೇಲಿನ ಹಂತಕ್ಕೆ ಇಟ್ಟುಕೊಳ್ಳಿ.

ರದ್ದಿ ಪೇಪರ್ ಸುರುಳಿ ಮಾಡಿದ್ರೆ ಕತ್ತಿ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಏನು ತಪ್ಪು?

ಮೂರು ಕಾರಣ ಇರಬಹುದು: ಸುರುಳಿ ದಪ್ಪ, ಸುರುಳಿ ಒಣಗಿದೆ, ಕೈ ಓರೆ. ಮೊದಲ ಎರಡನ್ನು ಹೀಗೆ ಸರಿಮಾಡಿ.

ದಿನಪತ್ರಿಕೆಯ 4-5 ಪೂರ್ತಿ ಹಾಳೆ ತಗೊಳ್ಳಿ. ಪುರವಣಿಯಲ್ಲಿ ಪಿನ್ ಇದ್ದರೆ ಕಿತ್ತುಬಿಡಿ, ಅಲಗಿನ ಬಾಯಿಗೆ ಒಂದು ಪಿನ್ ಸಾಕು ಹಲ್ಲು ಬೀಳಲು. ಹೊಳೆಯುವ ಮ್ಯಾಗಜಿನ್ ಕಾಗದ ಬೇಡ, ಅದರ ಮೇಲ್ಪದರದಲ್ಲಿ ನುಣುಪು ಮಣ್ಣು, ಸುಣ್ಣದ ಪುಡಿ ಇರುತ್ತದೆ, ಕತ್ತಿ ಬೇಗ ಮೊಂಡಾಗುತ್ತದೆ. ಹಾಳೆಗಳನ್ನು ಸಡಿಲ ಬಿಡದೆ, ತೀರಾ ಬಿಗಿಯೂ ಮಾಡದೆ ಸುತ್ತಿ. ಗೇಣಿಗೊಂದು ಹತ್ತಿ ದಾರ ಕಟ್ಟಿ. ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲಿಡಿ. ಬೆಳಿಗ್ಗೆ ತೆಗೆದು ಅರ್ಧ ಗಂಟೆ ನಿಲ್ಲಿಸಿ ನೀರು ಬಸಿಯಿರಿ. ಒತ್ತಿದರೆ ಮೆತ್ತಗಿರಬೇಕು, ನೀರು ಸುರಿಯಬಾರದು. ಬಿಸಿಲಲ್ಲಿ ಬಿಟ್ಟು ಹೊರಗಿನ ಪದರ ಒಣಗಿದರೆ ಮತ್ತೆ ನೆನೆಸಿ.

ಈ ತೆಳು ಸುರುಳಿ ಸಲೀಸಾಗಿ ಕಡಿದಮೇಲೆ ಒಂದೊಂದೇ ಹಾಳೆ ಜಾಸ್ತಿ ಮಾಡಿ. ಒದ್ದೆ ಪೇಪರ್ ನೋಡಲು ಸಾಧು, ಆದರೆ ದಪ್ಪವಾದಂತೆ ಚಾಪೆಗಿಂತ ಗಡಸು. ಎಷ್ಟು ದಪ್ಪ ಕಡಿದೆ ಎಂದು ಪೈಪೋಟಿ ಮಾಡಿದರೆ ಕೈಯೂ ಕೆಡುತ್ತದೆ, ಕತ್ತಿಯೂ ಕೆಡುತ್ತದೆ.

ಜಪಾನಿ ತತಾಮಿ ಬದಲು ನಮ್ಮ ಚಾಪೆ ಆಗುತ್ತಾ?

ಚೆನ್ನಾಗಿ ಆಗುತ್ತದೆ. ನನಗಂತೂ ಮನೆ ಗುರಿಗಳಲ್ಲಿ ಇದೇ ಇಷ್ಟ. ಜಪಾನಿನವರು ಬಳಸುವುದು ತತಾಮಿಯ, ಅಂದರೆ ನೆಲಕ್ಕೆ ಹಾಸುವ ದಪ್ಪ ಚಾಪೆಯ, ಮೇಲುಹೊದಿಕೆ, ಜೊಂಡಿನಂಥ ಹುಲ್ಲಿನದು. ಸುತ್ತಿ, ಕಟ್ಟಿ, ನೀರಲ್ಲಿ ನೆನೆಸಿ ನಿಲ್ಲಿಸುತ್ತಾರೆ. ನಮ್ಮ ಹುಲ್ಲು ಚಾಪೆಯೂ ಅದೇ ಜಾತಿಯ ಸಾಮಾನು. ಮಾಟುಂಗಾದಲ್ಲಿ ದಕ್ಷಿಣದ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ಮನೆಯಲ್ಲಿ ಹರಿದ ಹಳೇ ಚಾಪೆ ಇದ್ದರೆ ಇನ್ನೂ ಒಳ್ಳೆಯದು.

ಕೊಳ್ಳುವಾಗ ಒಂದು ಎಳೆ ಕಿತ್ತು ನೋಡಿ. ಎಷ್ಟೋ ಚಾಪೆ ನೋಡಲು ಹುಲ್ಲಿನಂತೆ ಇದ್ದರೂ ಪೂರ್ತಿ ಪ್ಲಾಸ್ಟಿಕ್. ಹುಲ್ಲೇ ಆದರೂ ನೇಯ್ದ ದಾರ ನೈಲಾನ್ ಇದ್ದರೆ ಅಲಗು ಅದನ್ನು ಎಳೆದುಕೊಂಡು ಹೋಗುತ್ತದೆ, ಹತ್ತಿ ದಾರ ಇರಲಿ. ಅಂಚಿಗೆ ಹೊಲಿದ ಬಟ್ಟೆ ಪಟ್ಟಿ ಬಿಚ್ಚಿ ತೆಗೆಯಿರಿ. ಮುಂಗೈ ದಪ್ಪಕ್ಕೆ ಬಿಗಿಯಾಗಿ ಸುತ್ತಿ ಸೆಣಬಿನ ಹುರಿ ಕಟ್ಟಿ. ಒಂದು ರಾತ್ರಿ ಪೂರ್ತಿ ಡ್ರಮ್ಮಿನಲ್ಲಿ ಮುಳುಗಿರಲಿ. ನೆನೆದ ಹುಲ್ಲಿನ ವಾಸನೆ ಬಂದರೆ ಸರಿಯಾಗಿದೆ. ಹುಳಿ ವಾಸನೆ ಬಂದರೆ ಜಾಸ್ತಿ ದಿನ ಇಟ್ಟಿದ್ದೀರಿ.

ಬಾಳೆದಿಂಡು ಎಲ್ಲಿ ಸಿಗುತ್ತೆ? ಅಷ್ಟು ದಪ್ಪ ಕಡಿಯೋಕೆ ನನ್ನಂಥವನಿಗೆ ಆಗುತ್ತಾ?

ಆಗುತ್ತದೆ, ಹೆದರಬೇಡಿ. ಬಾಳೆಕಂಬ ತೊಡೆಯಷ್ಟು ದಪ್ಪ ಇದ್ದರೂ ಬಹುಪಾಲು ನೀರು. ಪಟ್ಟೆ ಮೇಲೆ ಪಟ್ಟೆ ಸುತ್ತಿದ್ದು, ಮಧ್ಯೆ ಬೆಳ್ಳಗಿನ ದಿಂಡು. ಕೈ ಸ್ವಲ್ಪ ತಪ್ಪಿದರೂ ತುಂಡಾಗುತ್ತದೆ. ಆದ್ದರಿಂದ ಅದು ತುಂಡಾಯಿತು ಎಂದು ಹಿಗ್ಗಬೇಡಿ, ತುಂಡಾದ ಮುಖ ನೋಡಿ. ಪಟ್ಟೆಗಳ ಸುರುಳಿ ಒಂದೇ ಮಟ್ಟದಲ್ಲಿ, ಹಲಗೆಯಂತೆ ಸಮವಾಗಿ ಕಾಣಬೇಕು. ನಡುವೆ ಹಳ್ಳ ಬಿದ್ದಿದ್ದರೆ ನೀವು ಕೈಯನ್ನು ಒಳಕ್ಕೆ ಎಳೆದುಕೊಂಡಿದ್ದೀರಿ. ಕಡೆಯ ಪಟ್ಟೆ ಕತ್ತರಿಸದೆ ಹರಿದು ನೇತಾಡುತ್ತಿದ್ದರೆ ಕೊನೆಯಲ್ಲಿ ವೇಗ ಕಳೆದಿದೆ.

ಬಾಳೆ ಒಂದೇ ಸಲ ಗೊನೆ ಬಿಡುತ್ತದೆ. ಗೊನೆ ಇಳಿಸಿದ ಮೇಲೆ ಆ ಗಿಡ ಕಡಿಯಲೇಬೇಕು, ಹಾಗಾಗಿ ತೋಟದವರು ಸುಮ್ನೆ ಕೊಡುತ್ತಾರೆ. ಗೋವಾದ ಹಿತ್ತಲುಗಳಲ್ಲಿ ಕೊರತೆಯೇ ಇಲ್ಲ. ಪುಣೆಯಲ್ಲಿ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್, ಮುಂಬೈಯಲ್ಲಿ ದಾದರ್, ಮಾಟುಂಗಾ. ಗಣಪತಿ, ದಸರಾ, ಸತ್ಯನಾರಾಯಣ ಪೂಜೆ ಮುಗಿದ ಮಾರನೇ ದಿನ ಮಂಟಪದ ಬಾಳೆಕಂಬ ಕೇಳಿದರೂ ಸಿಗುತ್ತದೆ. ಅದಕ್ಕೆ ಕಟ್ಟಿದ ತಂತಿ, ಮೊಳೆ ಮಾತ್ರ ಹುಡುಕಿ ತೆಗೆಯಿರಿ. ಕಡಿದು ಎರಡು ದಿನದೊಳಗೆ ಬಳಸಿ.

ಬಾಳೆ ಸೊನೆ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಅಲಗಿನ ಮೇಲೂ ಕಂದು ಕಲೆ ಕೂರುತ್ತದೆ. ಎರಡು ಮೂರು ಕಡಿತಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೋರೆಕಾಯಿ, ಕುಂಬಳಕಾಯಿ, ಕಲ್ಲಂಗಡಿ? ವಿಡಿಯೊಗಳಲ್ಲಿ ಎಲ್ಲರೂ ಅದನ್ನೇ ಕಡೀತಾರೆ.

ತಿನ್ನುವ ಪದಾರ್ಥ ಹಾಳುಮಾಡುವುದು ನನಗೆ ಒಗ್ಗುವುದಿಲ್ಲ. ಎಣ್ಣೆ ಸವರಿದ ಕತ್ತಿಯಿಂದ ಕಡಿದದ್ದನ್ನು ಆಮೇಲೆ ಹುಳಿಗೆ ಹಾಕಲೂ ಆಗದು, ದನಕ್ಕೆ ಹಾಕಲೂ ಆಗದು. ಮಾರುಕಟ್ಟೆಯಲ್ಲಿ ಸಂಜೆ ಎಸೆಯುವ ಬಾಡಿದ ಸೋರೆಕಾಯಿ, ಸೌತೆಕಾಯಿ ಸಿಕ್ಕರೆ ತನ್ನಿ. ಬಲಿತ ಸಿಹಿಗುಂಬಳದ ಸಿಪ್ಪೆ ಗಡಸು, ಅಲಗು ಅದರಲ್ಲಿ ಹೊರಳುತ್ತದೆ. ಕಲ್ಲಂಗಡಿ ಉರುಳುತ್ತದೆ. ಕಬ್ಬು ಚೆನ್ನಾಗಿದೆ, ಆದರೆ ಗಿಣ್ಣಿನ ಮೇಲಲ್ಲ, ಗಿಣ್ಣುಗಳ ಮಧ್ಯೆ ಕಡಿಯಿರಿ.

ಯಾವುದನ್ನು ಕಡಿಯಲೇಬಾರದು?

ತೆಂಗಿನಕಾಯಿ, ಒಣ ಬಿದಿರು, ಮರದ ದಿಮ್ಮಿ, ಪಿವಿಸಿ ಪೈಪು, ತಗಡಿನ ಡಬ್ಬ, ಗಾಜು. ಕೆಲವು ಅಲಗನ್ನು ಮುರಿಯುತ್ತವೆ, ಕೆಲವು ಚೂರಾಗಿ ಕಣ್ಣಿಗೆ ಬರುತ್ತವೆ. ಹಾಸಿಗೆ, ದಿಂಬೂ ಬೇಡ.

ಸ್ಟ್ಯಾಂಡ್ ಮನೇಲೇ ಮಾಡಿಕೊಳ್ಳಬಹುದೇನ್ರೀ?

ಮಾಡಿಕೊಳ್ಳಬಹುದು. ಭಾರವಾದ ಮರದ ಪೀಠ, ಅದರ ಮೇಲೆ ಒಂದು ಮರದ ಕಂಬ. ಕಂಬದ ತುದಿಯಲ್ಲಿ ಬೆರಳುದ್ದದ ಮರದ ಗೂಟ. ಚಾಪೆ, ಪೇಪರ್ ಸುರುಳಿಯನ್ನು ಆ ಗೂಟಕ್ಕೆ ಚುಚ್ಚಿ ನಿಲ್ಲಿಸಿ. ಬಾಟಲಿಗಾದರೆ ಗೂಟದ ಬದಲು ಅಂಗೈಯಗಲದ ಹಲಗೆ. ಕಡಿಯುವ ಜಾಗ ನಿಮ್ಮ ಸೊಂಟಕ್ಕೂ ಎದೆಗೂ ಮಧ್ಯೆ ಬರುವಂತೆ ಎತ್ತರ ಇಟ್ಟುಕೊಳ್ಳಿ. ಮೇಲ್ಭಾಗದಲ್ಲಿ ಕಬ್ಬಿಣದ ಮೊಳೆ, ಸ್ಕ್ರೂ, ಪೈಪು ಒಂದೂ ಇರಬಾರದು. ಕತ್ತಿ ಒಂದಲ್ಲ ಒಂದು ದಿನ ಕಂಬಕ್ಕೆ ತಾಗೇ ತಾಗುತ್ತದೆ. ಪೀಠ ಅಲುಗಿದರೆ ಮರಳಿನ ಚೀಲ ಹೇರಿ. ಯಾರೂ ಗುರಿಯನ್ನು ಕೈಯಲ್ಲಿ ಹಿಡಿದು ನಿಲ್ಲಬಾರದು, ಎಷ್ಟೇ ಉದ್ದ ಇದ್ದರೂ.

## ಕೈ ಪಳಗಿದ ಮೇಲೆ

ಒಂದೊಂದು ಸಲ ಸೀಳಿ ಹೋಗುತ್ತೆ, ಒಂದೊಂದು ಸಲ ಅದೇ ಬಾಟಲಿ ಹಾರುತ್ತೆ. ತಪ್ಪು ಕಂಡುಹಿಡಿಯೋದು ಹೇಗೆ?

ತುಂಡು ಎಸೆಯಬೇಡಿ, ಅದರಲ್ಲಿ ಉತ್ತರ ಇರುತ್ತದೆ. ಕತ್ತಿ ಒಳಹೊಕ್ಕ ಕಡೆ ಪ್ಲಾಸ್ಟಿಕ್ ತಗ್ಗಾಗಿ ಮಡಿಚಿದ್ದರೆ ಬಾಯಿ ಓರೆಯಾಗಿ ಬಿದ್ದಿದೆ. ಒಳಹೊಕ್ಕ ಕಡೆ ನುಣುಪಾಗಿದ್ದು ಹೊರಬಂದ ಕಡೆ ನಾಲಿಗೆಯಷ್ಟು ಉಳಿದಿದ್ದರೆ ಕೈ ನಡುವೆ ನಿಧಾನವಾಗಿದೆ. ಗುರಿಗೆ ತಾಗಿದ ಕೂಡಲೇ ಕೆಲಸ ಮುಗಿಯಿತು ಎಂದು ದೇಹ ನಂಬಿಬಿಡುತ್ತದೆ. ಕಡಿತದ ಗೆರೆ ನೇರ ಇಲ್ಲದೆ ಬಿಲ್ಲಿನಂತೆ ಬಾಗಿದ್ದರೆ ಮಣಿಕಟ್ಟು ತಿರುಗಿದೆ. ಬಾಟಲಿ ನಿಂತಲ್ಲೇ ಮಗುಚಿದರೆ ಬಹುಶಃ ಏಟು ಕುತ್ತಿಗೆ ಹತ್ತಿರ ಬಿದ್ದಿದೆ. ಮೊನೆ ಮಾತ್ರ ಗೀರಿ ಹೋಗಿದ್ದರೆ ನಿಂತ ದೂರ ಜಾಸ್ತಿ. ಮೊನೆಯಿಂದ ಒಂದು ಗೇಣು ಒಳಗಿನ ಭಾಗ ಗುರಿಗೆ ಸಿಗಬೇಕು.

ಫೋನಿನ ಸ್ಲೋ ಮೋಷನ್ ಸಹಾಯ ಮಾಡುತ್ತದೆ. ಕತ್ತಿ ಹೋಗುವ ಸಾಲಿನಿಂದ ಹೊರಗೆ, ಪಕ್ಕದಲ್ಲಿ ಸ್ಟ್ಯಾಂಡಿಗೆ ಹಾಕಿಡಿ, ಯಾರ ಕೈಗೂ ಕೊಡಬೇಡಿ. ಬಹಳ ಜನರಲ್ಲಿ ಕಾಣುವುದು ಒಂದೇ: ಗುರಿ ಮುಂದೆ ಇಟ್ಟ ಕೂಡಲೇ ಹೆಗಲು ಮೇಲೇರುತ್ತದೆ, ಬಲಗೈ ಬಿಗಿಯುತ್ತದೆ. ಆಗ ಗುರಿ ತೆಗೆದು ಅದೇ ಜಾಗದಲ್ಲಿ ಗಾಳಿಗೆ ನಾಲ್ಕಾರು ಸಲ ಬೀಸಿ, ಮತ್ತೆ ಇಡಿ.

ನಾನು ತಲ್ವಾರ್ ಕಲೀತಿರೋದು. ಕತಾನಾದವರ (ಜಪಾನಿ ಕತ್ತಿಯವರ) ಗುರಿಗಳು ನನಗೂ ಸರಿ ಹೋಗುತ್ತಾ?

ಗುರಿ ಅದೇ, ಕಡಿಯುವ ರೀತಿ ಬೇರೆ. ತಲ್ವಾರ್ ಹಿಡಿಯ ತುದಿಯಲ್ಲಿರುವ ಬಟ್ಟಲು ಮಣಿಕಟ್ಟನ್ನು ಜಾಸ್ತಿ ಬಾಗಲು ಬಿಡುವುದಿಲ್ಲ. ಹಾಗಾಗಿ ತೋಳು, ಹೆಗಲಿನಿಂದ ತಂದು ಅಲಗನ್ನು ಗುರಿಯ ಮೇಲೆ ಎಳೆದು ಕಡಿಯಬೇಕು. ಈ ಎಳೆತ ಕಲಿಯಲು ಒದ್ದೆ ಮಣ್ಣಿನಂಥ ಗುರಿ ಇನ್ನೊಂದಿಲ್ಲ. ಗಣಪತಿ ಮಾಡುವ ಶಾಡು ಮಣ್ಣು ಭಾದ್ರಪದಕ್ಕೆ ಮೊದಲು ಪುಣೆ, ಮುಂಬೈಯಲ್ಲಿ ಎಲ್ಲೆಡೆ ಸಿಗುತ್ತದೆ. ಹರಳು ಇಲ್ಲದಂತೆ ಜರಡಿ ಹಿಡಿದು, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ ದಿಣ್ಣೆ ಮಾಡಿ. ಬರೀ ಹೊಡೆದರೆ ಕತ್ತಿ ಅಲ್ಲೇ ಹೂತುಕೊಳ್ಳುತ್ತದೆ. ಎಳೆದು ಕಡಿದರೆ ಆಳಕ್ಕೆ ಇಳಿದು ಹೊರಬರುತ್ತದೆ, ಎಷ್ಟು ಆಳ ಎಂದು ಕಡ್ಡಿ ಇಟ್ಟು ಅಳೆಯಬಹುದು. ಮಣ್ಣು ಒಣಗುವ ಮೊದಲೇ ಅಲಗನ್ನು ತೊಳೆಯಿರಿ. ಅದೇ ಮಣ್ಣಿಗೆ ನೀರು ಚಿಮುಕಿಸಿ ತಿಂಗಳುಗಟ್ಟಲೆ ಬಳಸಬಹುದು.

ದಾಂಡಪಟ್ಟಾ ಇನ್ನೂ ಬೇರೆ. ಲೋಹದ ಕೈಗವಸು ಮುಂಗೈವರೆಗೆ ಮುಚ್ಚುವುದರಿಂದ ಮಣಿಕಟ್ಟಿನ ಆಟವೇ ಇಲ್ಲ, ಇಡೀ ಮೈ ತಿರುಗಬೇಕು. ಅಲಗು ಉದ್ದ, ಬಳುಕುತ್ತದೆ. ಅದನ್ನು ಗುರುಗಳ ಎದುರಲ್ಲದೆ ಬಿಚ್ಚಲೇಬೇಡಿ.

ಅಂಗೈ ಮೇಲೆ ನಿಂಬೆಹಣ್ಣು, ಹೊಟ್ಟೆ ಮೇಲೆ ಬಾಳೆಹಣ್ಣು ಇಟ್ಟು ಕಡೀತಾರಲ್ಲ, ಅದನ್ನು ಯಾವಾಗ ಕಲಿಯೋದು?

ಕಲಿಯಬೇಡಿ. ಜೀವವಿರುವ ಮೈ ಮೇಲೆ ಯಾವ ಗುರಿಯನ್ನೂ ಇಡಬಾರದು. ನಿಂಬೆ ಕಡಿಯುವ ಆಸೆ ಇದ್ದರೆ ಮರದ ಕೊರಡಿನ ಮೇಲೆ ಮೆತ್ತಗಿನ ಮಣ್ಣು ಹಚ್ಚಿ, ಅದರ ಮೇಲೆ ಕೂರಿಸಿ. ಕತ್ತಿ ಮಣ್ಣಿಗೆ ತಾಗದೆ ಹಣ್ಣನ್ನು ಮಾತ್ರ ಸೀಳಿದರೆ ಅಂಗೈ ಮೇಲೆ ಬೇಕಾಗುವ ಹತೋಟಿ ಎಲ್ಲವೂ ಅಲ್ಲೇ ಬಂತು.

ಬಾಟಲಿ, ಚಾಪೆ ಎಲ್ಲ ಆಯ್ತು. ಮುಂದೇನು?

ಗುರಿಯನ್ನು ಗಟ್ಟಿ ಮಾಡಬೇಡಿ, ಕೆಲಸವನ್ನು ಕಷ್ಟ ಮಾಡಿ. ಎರಡು ಬಾಟಲಿಯನ್ನು ನಾಲ್ಕು ಬೆರಳು ಅಂತರದಲ್ಲಿಟ್ಟು ಒಂದನ್ನು ಮಾತ್ರ ಕಡಿಯಿರಿ. ಒಂದು ಏಟಿನ ನಂತರ ನಿಂತಿರುವ ಕೆಳತುಂಡನ್ನು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಇನ್ನೊಮ್ಮೆ ಕಡಿಯಿರಿ. ಮುಚ್ಚಳ ತೆಗೆದ ಖಾಲಿ ಬಾಟಲಿ ನಿಲ್ಲಿಸಿ ನೋಡಿ. ಭಾರವೇ ಇಲ್ಲದ ಗುರಿ ಎಷ್ಟು ಕಷ್ಟ ಎಂದು ಆಗ ಗೊತ್ತಾಗುತ್ತದೆ. ಒಂದೇ ಚಾಪೆಯಲ್ಲಿ ಮೇಲಿನಿಂದ ಸಣ್ಣ ಸಣ್ಣ ತುಂಡು ತೆಗೆಯುತ್ತಾ ಬನ್ನಿ. ಎಡ, ಬಲ ಎರಡೂ ಕಡೆಯಿಂದ ಬರಲಿ.

ಹಸಿ ಬಿದಿರು ಕೊನೆಗೆ. ಜಪಾನಿ ಅಭ್ಯಾಸಿಗಳು ನೆನೆದ ಚಾಪೆಯನ್ನು ಮಾಂಸಕ್ಕೂ ಹಸಿ ಬಿದಿರನ್ನು ಎಲುಬಿಗೂ ಹೋಲಿಸುತ್ತಾರೆ. ಅದರಲ್ಲಿ ಕೈ ಓರೆಯಾದರೆ ಅಲಗೇ ಬಾಗುತ್ತದೆ. ಗುರುಗಳು ಹೂಂ ಅನ್ನುವವರೆಗೆ ಕಾಯಿರಿ.

ಮುಂಬೈ ಹವೆಗೆ ಕತ್ತಿ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತೆ. ಸಾಣೆಯವನಿಗೆ ಕೊಡಲಾ?

ಬೀದಿಯ ಸಾಣೆಯವನಿಗೆ ಕೊಡಬೇಡಿ. ಓಡುವ ಚಕ್ರಕ್ಕೆ ಹಿಡಿದಾಗ ತೆಳು ಬಾಯಿ ಕಾದು ನೀಲಿ ಬಣ್ಣ ಬರುತ್ತದೆ. ಅಲ್ಲಿಗೆ ಉಕ್ಕಿನ ಹದ ಹೋಯಿತು. ನೀರು ಹಾಕಿ ಮಸೆಯುವ 1000 ಗ್ರಿಟ್ ಕಲ್ಲು ಇಟ್ಟುಕೊಂಡು, ಗುರುಗಳ ಹತ್ತಿರ ಕಲಿತು ನೀವೇ ಮಸೆಯಿರಿ.

ತುಕ್ಕಿಗೆ ಒಂದೇ ದಾರಿ, ಕಡಿದ ದಿನವೇ ಕೆಲಸ ಮುಗಿಸುವುದು. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಯಾವಾಗಲೂ ಬೆನ್ನಿನ ಕಡೆಯಿಂದ ಹಿಡಿದು ಒರೆಸಿ. ಹಿಡಿಯ ಬುಡದ ಸಂದಿಯಲ್ಲಿ ಪೇಪರ್ ತುಣುಕು, ಬಾಳೆ ನಾರು ಸೇರಿರುತ್ತದೆ, ಕಡ್ಡಿಯಿಂದ ತೆಗೆಯಿರಿ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಪುಣೆಯ ಡಿಸೆಂಬರ್ ಚಳಿಗೆ ಹೆಪ್ಪುಗಟ್ಟುತ್ತದೆ. ಒದ್ದೆ ಒರೆಯೊಳಗೆ ಕತ್ತಿ ತೂರಿಸಬೇಡಿ. ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಬಿಚ್ಚಿ ನೋಡಿ, ಮತ್ತೆ ಬೀಗದ ಕಪಾಟಿನಲ್ಲಿಡಿ.

ಕಡಿದ ಮೇಲೆ ಅಷ್ಟೊಂದು ಕಸ ಆಗುತ್ತಲ್ಲ, ಏನು ಮಾಡ್ತೀರಿ?

ಬಾಟಲಿ ತುಂಡುಗಳ ಅಂಚು ಚರ್ಮ ಕೊಯ್ಯುವಷ್ಟು ಚೂಪು. ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಚೂಪಾಗಿದೆ ಎಂದು ಬಾಯಲ್ಲಿ ಹೇಳಿ ಭಂಗಾರ್‌ನವನಿಗೆ (ಗುಜರಿಯವನಿಗೆ) ಕೊಡಿ. ಒದ್ದೆ ರದ್ದಿಯನ್ನು ಅವನು ತಗೊಳ್ಳುವುದಿಲ್ಲ, ಹರಡಿ ಒಣಗಿಸಿ ಒಣ ಕಸಕ್ಕೆ ಹಾಕಿ. ಚಾಪೆ, ಬಾಳೆ ತೋಟದ ಗೊಬ್ಬರದ ಗುಂಡಿಗೆ ಹೋಗಲಿ. ಹೊರಡುವ ಮೊದಲು ನೆಲವನ್ನು ಒಂದು ಸಲ ಗಮನವಿಟ್ಟು ಹುಡುಕಿ, ಬಾಟಲಿಯ ಸಣ್ಣ ಚೂರು ಹುಲ್ಲಿನಲ್ಲಿ ಸುಲಭವಾಗಿ ಕಾಣುವುದಿಲ್ಲ. ಆ ತೋಟದಲ್ಲಿ ಬರಿಗಾಲಲ್ಲಿ ನಡೆಯುವ ಮಕ್ಕಳು, ಮೇಯುವ ದನ ಇರುತ್ತವೆ.